ಖಾಲಿ ಎಂದುಕೊಂಡ ಆಕಾಶ

ಫೆಬ್ರವರಿ ೬, ಸೋಮವಾರ

ಯಾರದು ಓದುತ್ತಿರುವುದು? ಮುಚ್ಚು. ಮುಚ್ಚು ಎಂದರೆ ಕೇಳಿಸಲಿಲ್ಲವೆ? ಕದ್ದು ಓದುವ ಚಪಲವಿದ್ದರೆ ಬೇರೆ ಪುಸ್ತಕ ಹುಡುಕಿಕೊ, ಈ ಮನೆಯಲ್ಲಿ ಗೋಡೆಗೊಂದು ರಾಶಿ ಬಿದ್ದಿದೆ. ಮುದುಕಿ ಏನು ಗೀಚಿದ್ದಾಳೆ, ಒತ್ತಕ್ಷರ ನೆಟ್ಟಗಿದೆಯೋ ಇಲ್ಲವೋ ನೋಡಿ ನಗೋಣ ಎಂದು ಬಂದಿದ್ದರಂತೂ ನಾಚಿಕೆಯಾಗಬೇಕು ನಿನಗೆ. ನನ್ನನ್ನು ನಾಲ್ಕನೇ ಕ್ಲಾಸಿಗೆ ಬಿಡಿಸಿದರು. ಮಿಕ್ಕ ಅಕ್ಷರವನ್ನು ನಮ್ಮಕ್ಕ ಒಲೆಯ ಮುಂದೆ ಕೂರಿಸಿ ಕಲಿಸಿದಳು. ಆದರೂ ಅರ್ಧ ಆಯಸ್ಸು ಓದಿ, ಮೆಟ್ಟಿಲು ಎಲ್ಲಿ ಮುಗಿಯುತ್ತದೆ ಎಂದು ತಿಳಿಯದೆ ಬಿದ್ದು ಕೈ ಮುರಿದುಕೊಂಡವಳಲ್ಲ ನಾನು.

ಹೌದು, ನಿನಗೇ ಹೇಳುತ್ತಿರುವುದು, ಗೂಬೆ. ಈ ಮನೆಗೆ ಬೇರೆ ಯಾರು ಬರುತ್ತಾರೆ?

ಬಂದು ನಾಲ್ಕು ದಿನವಾಯಿತು. ಗೂಬೆಯ, ಅಂದರೆ ಮೊಮ್ಮಗಳ, ಬಲಗೈಗೆ ಪ್ಲಾಸ್ಟರ್. ದುರ್ಬೀನಿನ ಗುಮ್ಮಟದ ಕಬ್ಬಿಣದ ಮೆಟ್ಟಿಲಲ್ಲಿ ಜಾರಿದಳಂತೆ. ಅವಳಮ್ಮ, ಅಂದರೆ ನನ್ನ ಮಗಳು, ಫೋನು ಮಾಡಿ, "ಅಮ್ಮಾ, ಆಸ್ಪತ್ರೇಲಿ ನರ್ಸುಗಳೇ ಇಲ್ಲ, ನನಗೆ ರಜ ಕೊಡಲ್ಲ. ನೀನೇ ಹೋಗು," ಎಂದಳು. ಬಂದೆ. ಪ್ಲಾಸ್ಟರ್ ಬಿಚ್ಚುವವರೆಗೆ ಇರುತ್ತೇನೆ. ಬಿಚ್ಚಿದ ಮರುದಿನ ಬೆಳಗಿನ ಬಸ್ಸು. ಒಂದು ದಿನವೂ ಹೆಚ್ಚಿಲ್ಲ. ಬರೆದಿಟ್ಟಿದ್ದೇನೆ, ನೋಡಿಕೊ.

ಬೆಟ್ಟದ ನೆತ್ತಿಯ ಮೇಲೆ ಬಿಳಿ ಗುಮ್ಮಟ. ಅಲ್ಲಿಂದ ಕೂಗಳತೆಯಲ್ಲಿ ಒಂದು ಸಾಲು ಮನೆ, ಒಂದು ಕ್ಯಾಂಟೀನು. ಮರವಿಲ್ಲ, ಗಿಡವಿಲ್ಲ. ಗಾಳಿಯಲ್ಲಿ ತೇವವೆಂಬುದೇ ಇಲ್ಲದೆ ನನ್ನ ತುಟಿ ಕೆರೆಯಂಗಳದ ಹಾಗೆ ಬಿರಿದಿದೆ. ತೇವವಿಲ್ಲವೆಂದೇ ಈ ಜಾಗ ಆರಿಸಿದರಂತೆ. ಹುಡುಕಿ ಹುಡುಕಿ ಇಂಥ ಜಾಗಕ್ಕೆ ಬಂದವರ ಬುದ್ಧಿಗೆ ಏನು ಹೇಳುವುದು! ಕಿಟಕಿಗಳಿಗೆಲ್ಲ ಕಪ್ಪು ಪರದೆ. ರಾತ್ರಿ ದುಡಿಯುವವರು ಹಗಲು ಮಲಗುತ್ತಾರೆ. ಆದ್ದರಿಂದ ಪಾತ್ರೆ ಸದ್ದಾಗಬಾರದು, ರೇಡಿಯೊ ಹಾಡಬಾರದು, ಅಂಗಳದಲ್ಲಿ ನಿಂತು ಒಂದು ಮಾತು ಆಡಬಾರದು. ಬಾಯಿಗೆ ಬೀಗ ಬಿದ್ದ ಮೇಲೆ ಈ ಪುಸ್ತಕ ತೆಗೆದೆ. ಇಲ್ಲದಿದ್ದರೆ ನಾಲಿಗೆ ತುಕ್ಕು ಹಿಡಿಯುತ್ತಿತ್ತು.

ಫೆಬ್ರವರಿ ೧೦, ಶುಕ್ರವಾರ

ಬೇಳೆ ಬೇಯಲಿಲ್ಲ. ನೀರು ಕುದಿಯುತ್ತದೆ, ಗುಳ್ಳೆ ಎದ್ದು ಕುಣಿಯುತ್ತದೆ, ಬೇಳೆ ಮಾತ್ರ ಕಲ್ಲಿನ ಹಾಗೆ ಕೂತಿದೆ.

"ಇಷ್ಟು ಎತ್ತರದಲ್ಲಿ ನೀರು ಬೇಗ ಕುದಿಯತ್ತೆ ಅಜ್ಜಿ, ಆದ್ರೆ ಅಷ್ಟು ಬಿಸಿ ಇರಲ್ಲ. ಕುಕ್ಕರ್ ಇಡು," ಎಂದಳು ಮೊಮ್ಮಗಳು.

"ಅಂದ್ರೆ ಇಲ್ಲಿ ನೀರಿಗೂ ಬರೀ ಆರ್ಭಟ."

ಅವಳಿಗೆ ಬೆಳಗಾಗುವುದು ಸಂಜೆ ನಾಲ್ಕಕ್ಕೆ. ಒಂದು ಕೈಯಲ್ಲಿ ಜಡೆ ಹಾಕಿಕೊಳ್ಳಲಾಗದು, ನಾನೇ ಬಾಚಬೇಕು. ಕೂದಲು ನನ್ನ ಮುಷ್ಟಿಯಲ್ಲಿರುವಾಗ ಎದ್ದು ಓಡುವಂತಿಲ್ಲವಲ್ಲ, ಆ ಹೊತ್ತಿನಲ್ಲೇ ಕೇಳಿದೆ: "ಅಲ್ವೇ, ಆಕಾಶದ ತುಂಬ ನಕ್ಷತ್ರ ಇರೋವಾಗ ನೀನು ಹೊಗೆ ನೋಡ್ತಾ ಕೂತ್ಕೋತೀಯಂತಲ್ಲ, ಯಾಕೆ?"

"ಹೊಗೆ ಅಲ್ಲ ಅಜ್ಜಿ, ಮೋಡ. ಅಣುಮೋಡ ಅಂತಾರೆ. ಅನಿಲ, ಜೊತೆಗೆ ಮಸಿಯಂಥ ಧೂಳು. ನಕ್ಷತ್ರ ಹುಟ್ಟೋದೇ ಅದರೊಳಗೆ. ಹುಟ್ಟಿದ್ದು ಹೊರಗೆ ಕಾಣಲ್ಲ, ಧೂಳು ಮುಚ್ಚಿರತ್ತೆ. ಆದ್ರೆ ಬಿಸಿ ಹೊರಗೆ ಬರತ್ತಲ್ಲ, ಅದೂ ಒಂಥರಾ ಬೆಳಕೇ. ಅವಕೆಂಪು ಅಂತ. ನಮ್ಮ ಕಣ್ಣಿಗೆ ಕಾಣಲ್ಲ, ಕ್ಯಾಮೆರಾಗೆ ಕಾಣತ್ತೆ."

"ಬೂದಿ ಮುಚ್ಚಿದ ಕೆಂಡ ಅನ್ನು. ಅಂಗೈ ಹಿಡಿದ್ರೆ ಗೊತ್ತಾಗತ್ತೆ. ಅದಕ್ಕೆ ಇಷ್ಟು ದೊಡ್ಡ ಗುಮ್ಮಟ ಬೇಕಾ?"

"ನಿನ್ನ ಅಂಗೈ ಅಷ್ಟು ದೂರ ಹೋಗಲ್ವಲ್ಲ."

ಇವಳಿಗೆ ನನ್ನ ನಾಲಿಗೆ ಬಂದಿದೆ, ಅವಳಮ್ಮನದ್ದಲ್ಲ. ಅಷ್ಟಕ್ಕೇ ಬಿಡದೆ ವಿವರಿಸಿದಳು. ಆ ಬೆಳಕಿನಲ್ಲಿ ನೋಡಿದರೆ ಬೆಚ್ಚಗಿರುವುದೆಲ್ಲ ಹೊಳೆಯುತ್ತದಂತೆ. ದುರ್ಬೀನಿನ ಕನ್ನಡಿ ಹೊಳೆಯುತ್ತದೆ, ಗಾಳಿ ಹೊಳೆಯುತ್ತದೆ, ನಾನೂ ಹೊಳೆಯುತ್ತೇನಂತೆ. ಆ ಝಗಝಗದಲ್ಲಿ ಮೋಡದ ಚೂರು ಬಿಸಿಯನ್ನು ಹುಡುಕುವುದು ಹೇಗೆ? ಮೊದಲು ಮೋಡದ ಕಡೆ ನೋಡುತ್ತಾರೆ. ಕೂಡಲೇ ದುರ್ಬೀನನ್ನು ಪಕ್ಕಕ್ಕೆ ತಿರುಗಿಸಿ ಏನೂ ಇಲ್ಲದ ಖಾಲಿ ಆಕಾಶ ನೋಡುತ್ತಾರೆ. ಅದರಲ್ಲಿ ಇದನ್ನು ಕಳೆದರೆ ಉಳಿಯುವುದು ಮೋಡದ್ದೇ ಸ್ವಂತ ಬಿಸಿ.

"ಪಾತ್ರೆ ಸಮೇತ ಎಣ್ಣೆ ತೂಗಿ, ಆಮೇಲೆ ಖಾಲಿ ಪಾತ್ರೆ ತೂಕ ಕಳೀತೀವಲ್ಲ, ಹಾಗೆ," ಎಂದೆ.

"ಅಷ್ಟೇ ಅಜ್ಜಿ!"

"ಅಷ್ಟಕ್ಕೆ ಇಷ್ಟು ವರ್ಷ ಓದಬೇಕಿತ್ತಾ?"

ಜಡೆ ಕಿತ್ತುಕೊಂಡು ಎದ್ದು ಹೋದಳು.

ಫೆಬ್ರವರಿ ೧೩, ಸೋಮವಾರ

ಕುಕ್ಕರ್ ಇಟ್ಟೆ. ಮೊದಲನೇ ಸೀಟಿಗೇ ಪಕ್ಕದ ಮನೆಯವನು ಕಣ್ಣುಜ್ಜುತ್ತ ಬಂದು, "ಅಮ್ಮಾ, ಸದ್ದು," ಎಂದ. "ಬೇಳೆಗೆ ಹೇಳಿ," ಎಂದೆ.

ಫೆಬ್ರವರಿ ೧೭, ಶುಕ್ರವಾರ

ಇವತ್ತು ಸಂಜೆ ಕ್ಯಾಂಟೀನಿಗೆ ಕರೆದುಕೊಂಡು ಹೋದಳು. ಇಲ್ಲಿಯ ಮುಖ್ಯಸ್ಥ ಬಂದು ನಮ್ಮ ಮೇಜಿನಲ್ಲೇ ಕೂತ. ಮೈ ತೊಳೆದ ಬೆಕ್ಕಿನ ಹಾಗೆ ಅಚ್ಚುಕಟ್ಟು, ತುಟಿಯ ಮೇಲೆ ಬಾಚಿದ ಬಿಳಿಮೀಸೆ. ಇನ್ನು ಮೇಲೆ ಅವನಿಗೆ ಅದೇ ಹೆಸರು.

"ನಿಮ್ಮ ಮೊಮ್ಮಗಳು ನಮ್ಮಲ್ಲಿ ತುಂಬ ಫೇಮಸ್ ಅಮ್ಮಾ," ಎಂದ ಬಿಳಿಮೀಸೆ. "ಬಂಜೆ ಮೋಡ ಕಂಡುಹಿಡಿದವಳು. ಅಷ್ಟು ದೊಡ್ಡ ಮೋಡ, ಸಾಮಗ್ರಿಯೆಲ್ಲ ಇದೆ, ಆದ್ರೂ ಒಳಗೆ ಒಂದು ನಕ್ಷತ್ರ ಹುಟ್ಟಲ್ಲ. ಆ ಲೇಖನದಿಂದಲೇ ಇವಳ ಹೆಸರು ಕಾಯಂ ಕೆಲಸಕ್ಕೆ ಹೋಗಿರೋದು. ಬರೋ ತಿಂಗಳು ಇಪ್ಪತ್ತಕ್ಕೆ ಇಂಟರ್‌ವ್ಯೂ. ಆಗೇ ಆಗತ್ತೆ ಬಿಡಿ."

"ಆ ಮಾತು ಯಾರು ಇಟ್ಟಿದ್ದು?" ಎಂದೆ.

"ಯಾವುದು?"

"ಬಂಜೆ ಅನ್ನೋದು."

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ನಾನು ತಟ್ಟೆ ಸರಿಸಿ ಎದ್ದು ಬಂದೆ.

ಫೆಬ್ರವರಿ ೧೮, ಶನಿವಾರ

"ಲೇಖನದಲ್ಲಿ ಆ ಪದ ಇಲ್ಲ ಅಜ್ಜಿ, 'ಸುಪ್ತ ಮೋಡ' ಅಂತ ಬರೆದಿದೀನಿ. ಕ್ಯಾಂಟೀನಲ್ಲಿ ಯಾರೋ ತಮಾಷೆಗೆ ಅಂದಿದ್ದು ಅಂಟ್ಕೊಂಡ್ತು."

"ಯಾರು ಅಂದಿದ್ದು?"

ನೆಲ ನೋಡಿದಳು. "ನಾನೇ."

ನಮ್ಮಕ್ಕನನ್ನು ಜೀವಮಾನವಿಡೀ ಆ ಪದದಿಂದ ಕರೆದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ನನ್ನನ್ನು ಸಾಕಿದವಳು ಅವಳು, ನನಗೆ ಬಾಣಂತನ ಮಾಡಿದವಳು ಅವಳು, ಈ ಗೂಬೆಯ ಅಮ್ಮನಿಗೆ ನಡೆಯಲು ಕಲಿಸಿದವಳು ಅವಳು. ಅವಳಿಗೆ ಮಕ್ಕಳಾಗಲಿಲ್ಲ, ಹೌದು, ಕೊನೆಗೂ ಆಗಲಿಲ್ಲ. ಇಲ್ಲದ್ದನ್ನು ಇಲ್ಲ ಎನ್ನುವುದು ಬೇರೆ. ಅದನ್ನೇ ಹಣೆಗೆ ಅಂಟಿಸಿ, ಊಟದ ಮೇಜಿನಲ್ಲಿ ಚಪ್ಪರಿಸಿಕೊಂಡು ನಗುವುದು ಬೇರೆ. ಮೋಡವಾದರೇನಂತೆ? ತಿರುಗಿ ಮಾತಾಡಲಾರದ್ದನ್ನು ಹೀಗಳೆಯಲು ಯಾವ ಪದವಿ ಓದಬೇಕು?

ಇದನ್ನೆಲ್ಲ ಅವಳಿಗೆ ಹೇಳಲಿಲ್ಲ. ಹೇಳಹೊರಟರೆ ಅಳು ಬರುತ್ತದೆ, ಅತ್ತರೆ ಗೂಬೆ ಗೆದ್ದ ಹಾಗೆ. ಜಡೆ ಮಾತ್ರ ಬಿಗಿಯಾಗಿ ಹಾಕಿದೆ, ಹುಬ್ಬು ಮೇಲಕ್ಕೆ ಏರುವಷ್ಟು.

ಫೆಬ್ರವರಿ ೨೪, ಶುಕ್ರವಾರ

ಮೂರು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ. ಹಗಲು ಮಲಗುತ್ತಿಲ್ಲ. ಕಪ್ಪು ಪರದೆಯ ಹಿಂದೆ ಕಂಪ್ಯೂಟರ್ ಮುಂದೆ ಕೂತು ಎಡಗೈ ಬೆರಳಲ್ಲಿ ಕುಟ್ಟುತ್ತಾಳೆ, ನಿಲ್ಲಿಸುತ್ತಾಳೆ, ಗೋಡೆ ನೋಡುತ್ತಾಳೆ. "ಏನಾಯ್ತೇ?" ಎಂದರೆ "ಏನಿಲ್ಲ." ಏನಿಲ್ಲ ಎಂಬುದಕ್ಕೆ ಯಾರಾದರೂ ತಟ್ಟೆ ಮುಂದೆ ಇಟ್ಟುಕೊಂಡು ಅನ್ನ ಎಣಿಸುತ್ತಾರೆಯೆ?

ಫೆಬ್ರವರಿ ೨೫, ಶನಿವಾರ

ಬಾಯಿ ಬಿಡಿಸಿದೆ. ತಲೆಗೆ ಎಣ್ಣೆ ತಿಕ್ಕುವಾಗ ತಾನಾಗಿಯೇ ಬಂತು.

"ಖಾಲಿ ಪಾತ್ರೆ ಖಾಲಿ ಇರಲಿಲ್ಲ ಅಜ್ಜಿ."

ಮೋಡದ ಪಕ್ಕದ ಖಾಲಿ ಆಕಾಶವನ್ನು ಇವಳು ಕಳೆಯುತ್ತಿದ್ದಳಲ್ಲ, ಆ ಜಾಗವನ್ನು ನಾಲ್ಕು ವರ್ಷದ ಹಿಂದೆ ಇವಳೇ ಆರಿಸಿದ್ದು. ಹಳೆಯ ಫೋಟೋದಲ್ಲಿ ಒಂದೂ ನಕ್ಷತ್ರವಿಲ್ಲದ ಕಪ್ಪು ಮೂಲೆ ಹುಡುಕಿ, ಇದಕ್ಕಿಂತ ಖಾಲಿ ಜಾಗ ಸಿಗದು ಎಂದು ಗುರುತು ಹಾಕಿದಳು. ಈಗ ಬೇರೆ ಕಡೆಯವರು ಆ ಭಾಗದ ಅನಿಲದ ನಕ್ಷೆ ಮಾಡಿದ್ದಾರೆ. ಅದರಲ್ಲಿ ನೋಡಿದರೆ ಮೋಡದ ಬಾಲ ಉದ್ದಕ್ಕೂ ಚಾಚಿ ಆ ಮೂಲೆಯನ್ನೂ ಮುಚ್ಚಿದೆ.

"ಅಲ್ಲಿ ನಕ್ಷತ್ರ ಕಾಣದೆ ಇದ್ದದ್ದು ಖಾಲಿ ಇದ್ದದ್ದಕ್ಕಲ್ಲ. ಮುಂದೆ ಮೋಡ ನಿಂತಿತ್ತು. ಮೋಡ ನಕ್ಷತ್ರಾನ ಮರೆ ಮಾಡತ್ತೆ ಅಂತ ಮಕ್ಕಳಿಗೆ ಪಾಠ ಹೇಳೋಳು ನಾನು! ಬಿಸಿ ಇರೋದರಿಂದ ಬಿಸಿ ಇರೋದನ್ನೇ ಕಳೆದೆ. ಎಲ್ಲಾ ಸೊನ್ನೆ ಆಯ್ತು. ಸೊನ್ನೆ ನೋಡಿ ಬಂ..." ಎಂದು ನನ್ನ ಕಡೆ ನೋಡಿ ನುಂಗಿಕೊಂಡಳು.

"ಹಾಗಾದ್ರೆ ಮೋಡದೊಳಗೆ ನಕ್ಷತ್ರ ಇದೆಯಾ?"

"ಗೊತ್ತಿಲ್ಲ. ಅನಿಲದ ನಕ್ಷೇಲಿ ಬಿಸಿ ಕಾಣಲ್ಲ. ಇರಬಹುದು, ಇಲ್ಲದೇನೂ ಇರಬಹುದು. ನಿಜವಾಗ್ಲೂ ಖಾಲಿ ಇರೋ ಜಾಗ ಹಿಡಿದು ಮತ್ತೆ ಮೊದಲಿಂದ ನೋಡಬೇಕು."

"ಹಳೇ ಫೋಟೋದಲ್ಲೇ ಸರಿಮಾಡು."

"ಆಗಲ್ಲ ಅಜ್ಜಿ. ಆಕಾಶದ ಬಿಸಿ ನಿಮಿಷಕ್ಕೊಂದು ಥರ ಇರತ್ತೆ. ಆವತ್ತು ಕಳೀಬೇಕಾದ್ದನ್ನ ಆವತ್ತೇ ನೋಡಿರಬೇಕು."

ಇವಳ ಪಾಲಿನ ರಾತ್ರಿಗಳು ಮುಗಿದಿವೆ. ಇಲ್ಲಿ ರಾತ್ರಿಗಳನ್ನು ಪಡಿತರದ ಹಾಗೆ ಅಳೆದು ಹಂಚುತ್ತಾರೆ, ಅದಕ್ಕೊಂದು ಸಮಿತಿ ಇದೆ. ಈಗ ದಿನಾ ಹೋಗಿ ನೋಡುವುದೆಲ್ಲ ಬೇರೆಯವರಿಗಾಗಿ. ಮತ್ತೆ ಬೇಕೆಂದರೆ ಸಮಿತಿಗೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಲೇಖನ ತಪ್ಪೆಂದು ಎಲ್ಲರಿಗೂ ತಿಳಿಯುತ್ತದೆ. ಲೇಖನ ಹೋದರೆ ಕೆಲಸ ಹೋಯಿತು.

ನಾನು ಹೇಳಬೇಕಾದ್ದನ್ನು ಹೇಳಿದೆ. "ಬಾಯಿ ಮುಚ್ಕೊಂಡಿರು. ಯಾರಿಗೂ ಗೊತ್ತಿಲ್ಲ ತಾನೆ? ನಾವಾಗಿ ಹೋಗಿ ಕೈಗೆ ಬಡಿಗೆ ಕೊಟ್ಟು ಬೆನ್ನು ಒಡ್ಡಬಾರದು. ನಮ್ಮ ವಂಶದಲ್ಲಿ ತಪ್ಪಾಯ್ತು ಅಂದವರು ಯಾರೂ ಇಲ್ಲ."

"ತಪ್ಪು ಮಾಡಿದವರಿಲ್ವಾ, ಅಂದವರಿಲ್ವಾ?"

"ಅಂದವರು."

ಅಳುತ್ತಿದ್ದವಳು ನಕ್ಕಳು. ಅರ್ಧ ತಟ್ಟೆ ಉಂಡಳು.

ಫೆಬ್ರವರಿ ೨೭, ಸೋಮವಾರ

ಬಿಳಿಮೀಸೆ ಹಣ್ಣಿನ ಚೀಲ ಹಿಡಿದು ಕೈ ನೋಡಲು ಬಂದ. ಇವಳು ಅವನಿಗೆ ಎಲ್ಲವನ್ನೂ ಹೇಳಿಬಿಟ್ಟಿದ್ದಾಳೆ! ನಾನು ಬಾಯಿ ಮುಚ್ಚು ಎಂದರೆ ಇವಳಿಗೆ ತೆರೆ ಎಂದು ಕೇಳಿಸುತ್ತದೋ ಏನೋ.

ಕುರ್ಚಿಯ ತುದಿಯಲ್ಲಿ ಕೂತು ಅವನು ಹೇಳಿದ: "ನೋಡಮ್ಮಾ, ಎಲ್ಲರೂ ತಪ್ಪು ಮಾಡ್ತಾರೆ. ಈಗ ಯಾರಿಗೂ ಗೊತ್ತಿಲ್ವಲ್ಲ. ನಾವಾಗೇ ಯಾಕೆ ಅವರ ಕೈಗೆ ಬಡಿಗೆ ಕೊಡೋದು? ಇಂಟರ್‌ವ್ಯೂ ಮುಗೀಲಿ. ಆಮೇಲೆ ನಿಧಾನವಾಗಿ ಸರಿ ಮಾಡೋಣ."

"ಆಮೇಲೆ ಅಂದ್ರೆ ಯಾವುದರಲ್ಲಿ ಸರ್?" ಎಂದಳು ಇವಳು. "ಏಪ್ರಿಲ್ ಕೊನೆಗೆ ಕ್ಯಾಮೆರಾ ಇಳಿಸ್ತಾರೆ. ಹೊಸದಕ್ಕೆ ಈ ಬಿಸಿ ಕಾಣಲ್ಲ."

"ಒಂದು ಮೋಡ ಅಲ್ವೇನಮ್ಮಾ," ಎಂದ ಬಿಳಿಮೀಸೆ. "ಆಕಾಶದಲ್ಲಿ ಮೋಡಕ್ಕೇನು ಬರವೇ?"

ಅಕ್ಷರಕ್ಕಕ್ಷರ ನನ್ನದೇ ಮಾತು. ಬಡಿಗೆಯೂ ಅದೇ. ನನ್ನ ಬಾಯಲ್ಲಿ ಎದೆಗಾರಿಕೆಯಂತೆ ಕೇಳಿದ್ದು ಆ ಮೀಸೆಯ ಕೆಳಗಿನಿಂದ ಬಂದಾಗ ಹಳಸಿದ ಅನ್ನದ ಹಾಗೆ ನಾತ ಹೊಡೆಯಿತು. ಒಳ್ಳೆಯ ಮಾತೊಂದನ್ನು ಕೆಡಿಸಿಟ್ಟ. ನನಗೆ ಅದೇ ಸಿಟ್ಟು, ಬೇರೇನಿಲ್ಲ.

"ಯಾರಿಗೂ ಗೊತ್ತಿಲ್ಲ ಅಂದ್ರಲ್ಲ, ಇವಳಿಗೆ ಗೊತ್ತು," ಎಂದೆ. "ಗೊತ್ತಾದಾಗಿನಿಂದ ತಟ್ಟೇಲಿ ಅನ್ನ ಬಿಡ್ತಿದಾಳೆ. ಬೇಯಿಸೋಳು ನಾನು, ನೀವಲ್ಲ. ಇಲ್ಲಿ ಬೇಳೆ ಬೇಯಿಸೋದು ಎಷ್ಟು ಕಷ್ಟ ಗೊತ್ತಾ ನಿಮಗೆ?"

ಅವನು ಕೆಟ್ಟವನಲ್ಲ. ಹಣ್ಣು ಒಳ್ಳೆಯವೇ ತಂದಿದ್ದ.

ಮಾರ್ಚ್ ೩, ಶುಕ್ರವಾರ

ಗುಮ್ಮಟದೊಳಗೆ ಹೋಗಿ ಬಂದೆ, ಹಗಲಲ್ಲಿ. ಇವಳು ಮಲಗಿದ್ದಳು. ಕ್ಯಾಮೆರಾ ನೋಡಿಕೊಳ್ಳುವ ತಂತ್ರಜ್ಞ, ಮೊಣಕೈವರೆಗೆ ದಪ್ಪ ಕೈಗವಸು ಹಾಕುವ ಮನುಷ್ಯ, "ಬನ್ನಿ ಅಜ್ಜಿ, ನೀವೂ ನೋಡಿ," ಎಂದು ಕರೆದ. ನೋಡುವ ಆಸೆಯೇನೂ ಇರಲಿಲ್ಲ. ಮೊಮ್ಮಗಳು ಬಿದ್ದ ಮೆಟ್ಟಿಲನ್ನು ಒಂದು ಕೈ ನೋಡಿಕೊಳ್ಳೋಣ ಎಂದು ಹೋದೆ. ಮೆಟ್ಟಿಲು ಚೆನ್ನಾಗಿಯೇ ಇದೆ. ಬಿದ್ದವಳದ್ದೇ ತಪ್ಪು.

ದುರ್ಬೀನು ಎಂದರೆ ಕೊಳವೆ ಎಂದುಕೊಂಡಿದ್ದೆ. ಅದು ಕಬ್ಬಿಣದ ಗೂಡು, ತಳದಲ್ಲಿ ಬಾವಿಯ ಬಾಯಷ್ಟು ಅಗಲ ಕನ್ನಡಿ. ಅದರ ಕೆಳಗೆ ಹಾಲಿನ ಕ್ಯಾನಿನಂಥ ಒಂದು ಉರುಳೆ, ಅದೇ ಕ್ಯಾಮೆರಾ. ಕೈಗವಸಿನವನು ಅದರ ಬಾಯಿಗೆ ಲಾಳಿಕೆ ಇಟ್ಟು ಏನೋ ಸುರಿದ. ಸುರಿದ ಕೂಡಲೇ ಬುಸ್ಸೆಂದು ಬಿಳಿ ಹಬೆ ನೆಲದ ಮೇಲೆ ಹರಿದು ನನ್ನ ಕಾಲಿಗೆ ಬಂತು. ಬಿಸಿ ಎಂದು ಹಾರಿದೆ. ಬಿಸಿಯಲ್ಲ, ಮೂಳೆ ಕೊರೆಯುವ ಥಂಡಿ.

"ದ್ರವ ನೈಟ್ರೋಜನ್ ಅಜ್ಜಿ. ದಿನಾ ಎರಡು ಹೊತ್ತು ಕುಡಿಸಬೇಕು, ಹಸುಗೂಸಿನ ಥರ. ಕ್ಯಾಮೆರಾ ತಾನೇ ಬಿಸಿ ಇದ್ರೆ ಅದಕ್ಕೆ ತನ್ನ ಬಿಸಿನೇ ಕಾಣೋದು. ಎದುರುಗಡೆ ಏನಿದ್ರೂ ಕಾಣಲ್ಲ."

"ಕೆಲವು ಜನಾನೂ ಹಾಗೇ," ಎಂದೆ. ನನ್ನ ಮಗಳನ್ನು ನೆನೆಸಿಕೊಂಡು ಹೇಳಿದ್ದು. ಅವನು ನನ್ನನ್ನೇ ನೋಡುತ್ತ ನಕ್ಕ. ಯಾಕೆ ನಕ್ಕನೋ ತಿಳಿಯಲಿಲ್ಲ.

ಏಪ್ರಿಲ್ ಕೊನೆಗೆ ಸುರಿಯುವುದನ್ನು ನಿಲ್ಲಿಸುತ್ತಾನಂತೆ. ಮೋಡ ಅದಕ್ಕೂ ಮುಂಚೆ, ಏಪ್ರಿಲ್ ನಡುವಿಗೇ, ಸೂರ್ಯನ ಬೆನ್ನ ಹಿಂದೆ ಹೋಗಿಬಿಡುತ್ತದಂತೆ. ತಿರುಗಿ ಬರುವ ಹೊತ್ತಿಗೆ ನೋಡುವ ಕಣ್ಣೇ ಇರುವುದಿಲ್ಲ.

ಮನೆಗೆ ಬಂದು ಇದೆಲ್ಲ ಹೇಳಿದರೆ ಗೂಬೆ, "ನೀನು ಗುಮ್ಮಟಕ್ಕೆ ಹೋಗಿದ್ಯಾ?" ಎಂದು ಬಾಯಿ ಬಿಟ್ಟಳು. "ಮೆಟ್ಟಿಲು ನೋಡೋಕೆ," ಎಂದೆ.

ಮಾರ್ಚ್ ೯, ಗುರುವಾರ

ಪ್ಲಾಸ್ಟರ್ ಬಿಚ್ಚಿದರು. ಕೈ ನುಗ್ಗೆಕಾಯಿಯ ಹಾಗೆ ಆಗಿದೆ. ಕುಕ್ಕರ್ ಎತ್ತಲಾರಳು, ನಲ್ಲಿ ತಿರುಗಿಸಲಾರಳು. ಇಂಥ ಕೈಯನ್ನು ಯಾರ ಮೇಲೆ ಬಿಟ್ಟು ಹೋಗುವುದು? ನಾಳೆಯ ಬಸ್ಸಿನ ಡ್ರೈವರನದು ಸಿಡುಕು ಮುಖ ಬೇರೆ. ನಾಡಿದ್ದು ನೋಡೋಣ.

ಮಾರ್ಚ್ ೧೦, ಶುಕ್ರವಾರ

ಸಮಿತಿಗೆ ಬರೆಯುತ್ತೇನೆ ಎಂದು ಕೂತಳು. ಲೇಖನ ಅಚ್ಚು ಹಾಕಿದವರಿಗೂ, ರಾತ್ರಿ ಹಂಚುವವರಿಗೂ, ಇಬ್ಬರಿಗೂ.

"ಇಂಟರ್‌ವ್ಯೂ ಮುಗೀಲಿ ಅನ್ನಲ್ವಾ ಅಜ್ಜಿ?"

"ಆ ಮಾತು ಮೀಸೆಯವನದ್ದು. ನಾನ್ಯಾಕೆ ಅನ್ನಲಿ?"

ಬರೆದದ್ದನ್ನು ಓದಿಸಿದೆ. 'ಆಯ್ಕೆಯಲ್ಲಿ ಸಂಭವನೀಯ ಅಚಾತುರ್ಯ', 'ಮರುಪರಿಶೀಲನೆಯ ಅಗತ್ಯ ಕಂಡುಬರಬಹುದು' ಎಂದೆಲ್ಲ ಇತ್ತು. ಬೆಕ್ಕು ಬಿಸಿತುಪ್ಪದ ಸುತ್ತ ತಿರುಗಿದ ಹಾಗೆ.

"ಯಾರಿಗೆ ಹೆದರಿ ಇಷ್ಟು ಸುತ್ತೋದು? ಏನಾಯ್ತೋ ಅದನ್ನ ಬರಿ."

"ಏನಾಯ್ತು ಅಂದ್ರೆ... ಖಾಲಿ ಅಂದ್ಕೊಂಡ ಜಾಗ ಖಾಲಿ ಇರಲಿಲ್ಲ. ಆರಿಸಿದ್ದು ನಾನು. ಮತ್ತೆ ನೋಡಬೇಕು."

"ಮೂರು ಸಾಲಾಯ್ತು. ಕೊನೇ ಸಾಲನ್ನ ಸ್ವಲ್ಪ ಜೋರಾಗಿ ಬರಿ. ಕುತ್ತಿಗೆ ಬಗ್ಗಿಸಿ ಬರೆದದ್ದು ಓದೋವಾಗ ಗೊತ್ತಾಗತ್ತೆ."

ನುಗ್ಗೆಕಾಯಿ ಕೈಯಲ್ಲೇ ಟೈಪು ಮಾಡಿದಳು. "ಕಳಿಸ್ದೆ," ಎಂದಳು. ಆಮೇಲೆ ಎರಡು ತಟ್ಟೆ ಉಂಡಳು. ಬೇಳೆಯೂ ಇವತ್ತು ಬೆಂದಿತ್ತು.

ಮಾರ್ಚ್ ೧೪, ಮಂಗಳವಾರ

ಕ್ಯಾಂಟೀನಿನಲ್ಲಿ ನಾವು ಹೋಗಿ ಕೂತರೆ ಮೇಜಿನ ಆ ತುದಿಯವರಿಗೆಲ್ಲ ಒಟ್ಟಿಗೇ ಹೊಟ್ಟೆ ತುಂಬುತ್ತದೆ. ಎದ್ದು ಹೋಗುತ್ತಾರೆ. ಒಳ್ಳೆಯದೇ ಆಯಿತು, ಕಾಲು ಚಾಚಿ ಕೂತು ಉಂಡೆವು. ಕೈಗವಸಿನವನು ಮಾತ್ರ ತಟ್ಟೆ ತಂದು ಎದುರಿಗೆ ಕೂತ. "ಹೋಗಲ್ವಾ?" ಎಂದೆ. "ನನಗಿನ್ನೂ ಹಸಿವಿದೆ," ಎಂದ.

ಮಾರ್ಚ್ ೨೦, ಸೋಮವಾರ

ಕೆಲಸ ಸಿಗಲಿಲ್ಲ.

ಮಾರ್ಚ್ ೨೧, ಮಂಗಳವಾರ

ನಿನ್ನೆ ಬರೆಯಲು ಕೈ ಬರಲಿಲ್ಲ. ಇವತ್ತು ಬರೆಯುತ್ತೇನೆ.

ಐದು ಜನ ಕೂತಿದ್ದರಂತೆ. ಬೇರೆ ಏನನ್ನೂ ಕೇಳಲಿಲ್ಲವಂತೆ. "ನಾಲ್ಕು ವರ್ಷ ನಿಮಗೆ ತಿಳಿಯಲಿಲ್ವೇ?" ಎಂದನಂತೆ ಒಬ್ಬ. "ಇಲ್ಲ," ಎಂದಳಂತೆ ಇವಳು. "ಈಗ ಹೇಗೆ ತಿಳೀತು?" "ನೋಡಿದೆ, ತಿಳೀತು." "ಇಂಟರ್‌ವ್ಯೂಗೆ ಹತ್ತು ದಿನ ಇರೋವಾಗ ಹೇಳಬೇಕು ಅಂತ ಯಾಕೆ ಅನ್ನಿಸ್ತು?" "ಮೋಡ ಇಂಟರ್‌ವ್ಯೂಗೆ ಕಾಯಲ್ಲ, ಮುಳುಗತ್ತೆ," ಎಂದಳಂತೆ. ಶಹಬ್ಬಾಸ್! ಅದು ನನ್ನ ಜಾಯಮಾನ. ಬಿಳಿಮೀಸೆ ಆ ಐದರಲ್ಲಿ ಒಬ್ಬ, ಉದ್ದಕ್ಕೂ ಮೇಜಿನ ಅಂಚು ನೋಡುತ್ತ ಕೂತಿದ್ದನಂತೆ.

ಕೆಲಸ ಇನ್ನೊಬ್ಬನಿಗೆ ಹೋಯಿತು. ಅವನದ್ದು ಇದುವರೆಗೆ ಒಂದೂ ತಪ್ಪಿಲ್ಲವಂತೆ. ಮನೆಯಿಂದ ಹೊರಗೆ ಕಾಲಿಡದವನು ಎಡವುವುದುಂಟೆ?

ಇವಳ ಈಗಿನ ಕೆಲಸ ಜೂನ್‌ವರೆಗೆ ಇದೆ. ಆಮೇಲಿನದು ಆಮೇಲೆ. ನಾನು ಅಳಲಿಲ್ಲ. ಇವಳೂ ಅಳಲಿಲ್ಲ. ಸಂಜೆ ನನ್ನ ಮುಂದೆ ಬಂದು ಕೂತು ಬಾಚಣಿಗೆ ಕೊಟ್ಟಳು. ಅವಳ ಕೈ ಈಗ ಸರಿಯಾಗಿದೆ, ಆದರೂ ಕೊಟ್ಟಳು. ಸಡಿಲವಾಗಿ ಹಾಕಿದೆ.

ಮಾರ್ಚ್ ೨೨, ಬುಧವಾರ

ಮಗಳ ಫೋನು. "ಅಮ್ಮಾ, ನೀನೇ ಅಂತೆ ಅವಳಿಗೆ ಹೇಳಿಕೊಟ್ಟಿದ್ದು! ಅವಳ ಕೈ ಸರಿಹೋಗಿ ಎಷ್ಟು ದಿನ ಆಯ್ತು, ನೀನ್ಯಾಕೆ ಇನ್ನೂ ಅಲ್ಲೇ ಇದೀಯ?"

"ಸುಳ್ಳು ಹೇಳ್ಕೊಂಡು ಕಾಯಂ ಆಗೋದಕ್ಕಿಂತ ನಿಜ ಹೇಳಿ ಬೀದಿಗೆ ಬರೋದು ಮೇಲು," ಎಂದೆ.

"ನೀನಾ ಈ ಮಾತು ಹೇಳ್ತಿರೋದು?" ಎಂದಳು.

"ಮತ್ತಿನ್ಯಾರು? ನಾನು ಯಾವಾಗಲೂ ಹೇಳೋದೇ ಅದು."

ಮಗಳಿಗೆ ನೆನಪು ಕಮ್ಮಿಯಾಗುತ್ತಿದೆ, ಪಾಪ. ರಾತ್ರಿ ಡ್ಯೂಟಿ ಹೆಚ್ಚಾಯಿತು.

ಮಾರ್ಚ್ ೨೫, ಶನಿವಾರ

ಕೆಲಸ ಹೋದದ್ದಕ್ಕೆ ಉತ್ತರ ಒಂದೇ ದಿನದಲ್ಲಿ ಬಂತು. ರಾತ್ರಿ ಕೇಳಿದ್ದಕ್ಕೆ ಹದಿನೈದು ದಿನವಾದರೂ ಇಲ್ಲ. ಇಲ್ಲವೆಂದೂ ಇಲ್ಲ. ಬಿಳಿಮೀಸೆಯನ್ನು ದಾರಿಯಲ್ಲಿ ತಡೆದು ಕೇಳಿದೆ. "ಸಮಿತಿ ಮುಂದಿದೆ ಅಮ್ಮಾ. ಅಧ್ಯಕ್ಷರು ಬೇರೆ ಊರಲ್ಲಿರ್ತಾರೆ, ಅವರೇ ತೀರ್ಮಾನ ಮಾಡಬೇಕು. ನಾನು ಏನೂ ಮಾಡೋ ಹಾಗಿಲ್ಲ," ಎಂದ. "ವಿಳಾಸ ಕೊಡೋ ಹಾಗಿದೆಯಾ?" ಎಂದೆ. ಆ ಕಡೆ ಈ ಕಡೆ ನೋಡಿ, ಜೇಬಿನಿಂದ ಪೆನ್ನು ತೆಗೆದು ಬರೆದುಕೊಟ್ಟ. ಮೀಸೆಯ ಕೆಳಗೆ ಸ್ವಲ್ಪ ಮನುಷ್ಯನಿದ್ದಾನೆ.

ಸೂರ್ಯ ಇಳಿದ ಮೇಲೆ ಅಂಗಳದಲ್ಲಿ ನಿಂತೆವು. "ಎಲ್ಲಿ, ತೋರಿಸು," ಎಂದೆ. ಪಶ್ಚಿಮಕ್ಕೆ ಕೈ ಚಾಚಿದಳು. "ಆ ಎರಡು ನಕ್ಷತ್ರ ಇದೆಯಲ್ಲ, ಅದರ ಕೆಳಗೆ. ಏನೂ ಕಾಣದೆ ಇರೋ ಜಾಗ." ನೋಡಿದೆ. ಏನೂ ಕಾಣಲಿಲ್ಲ. ಬೆಟ್ಟದ ಅಂಚಿಗೆ ನಾಲ್ಕು ಮೊಳ ಉಳಿದಿತ್ತು, ಅಷ್ಟೇ. ನಿನ್ನೆ ಇನ್ನೂ ಸ್ವಲ್ಪ ಮೇಲಿತ್ತಂತೆ.

ಅವಳು ಕೆಲಸಕ್ಕೆ ಹೋದಳು. ನಾನು ಒಳಗೆ ಬಂದು ದೀಪ ಹಾಕಿ ಕೂತಿದ್ದೇನೆ. ಮೊದಲು ಇಲ್ಲಿ ಬರೆಯುತ್ತೇನೆ, ಆಮೇಲೆ ಒಳ್ಳೆಯ ಹಾಳೆಗೆ ಇಳಿಸುತ್ತೇನೆ.

ರಾತ್ರಿಗಳನ್ನು ಹಂಚುವ ಸಮಿತಿಯ ಅಧ್ಯಕ್ಷರಿಗೆ,

ನೀವು ನನ್ನನ್ನು ನೋಡಿಲ್ಲ. ನಾನು ನಿಮ್ಮನ್ನು ನೋಡಿಲ್ಲ. ಖಾಲಿ ಆಕಾಶವನ್ನು ತಪ್ಪಾಗಿ ಆರಿಸಿದವಳ ಅಜ್ಜಿ ನಾನು. ತಪ್ಪು ಅವಳದ್ದೇ. ನಿಮ್ಮಲ್ಲಿ ಯಾರೂ ಕಂಡುಹಿಡಿಯಲಿಲ್ಲ, ಕಂಡುಹಿಡಿದವಳೂ ಅವಳೇ. ಅದಕ್ಕಾಗಿ ಅವಳಿಗೆ ಕೆಲಸ ಕೊಡಲಿಲ್ಲ. ಇರಲಿ, ಆ ಕೆಲಸವನ್ನು ನೀವೇ ಉಪ್ಪಿನಕಾಯಿ ಹಾಕಿಕೊಳ್ಳಿ. ಅದನ್ನು ಕೇಳಲು ಬರೆಯುತ್ತಿಲ್ಲ.

ನಾನು ಕೇಳುತ್ತಿರುವುದು ಮೂರು ಸಂಜೆ. ಪೂರ್ತಿ ರಾತ್ರಿಯೂ ಬೇಡ. ಕತ್ತಲಾದ ಮೇಲೆ ಮೊದಲ ಎರಡು ತಾಸು ಸಾಕು, ಆಮೇಲೆ ನಮ್ಮ ಮೋಡ ಮುಳುಗುತ್ತದೆ. ಮಿಕ್ಕ ರಾತ್ರಿಯನ್ನು ಯಾರಿಗೆ ಬೇಕೋ ಅವರಿಗೆ ಹಂಚಿಕೊಳ್ಳಿ. ಈ ಸಲ ಖಾಲಿ ಜಾಗವನ್ನು ಅನಿಲದ ನಕ್ಷೆ ಇಟ್ಟುಕೊಂಡೇ ಆರಿಸಿದ್ದೇವೆ. ಒಂದಲ್ಲ, ಮೋಡದ ಆಚೆಗೊಂದು ಈಚೆಗೊಂದು, ಒಂದು ಕೈಕೊಟ್ಟರೆ ಇನ್ನೊಂದು ಹೇಳುತ್ತದೆ. ಕ್ಯಾಮೆರಾ ತಣ್ಣಗಿದೆ, ಎರಡು ಹೊತ್ತೂ ಸುರಿಯುತ್ತಿದ್ದಾರೆ. ನಾನೇ ನೋಡಿ ಬರುತ್ತಿದ್ದೇನೆ.

ಮೋಡದೊಳಗೆ ನಕ್ಷತ್ರವಿದ್ದರೆ ಇದೆ ಎಂದು ಬರೆಯುತ್ತೇವೆ. ಇಲ್ಲದಿದ್ದರೆ ಇಲ್ಲ ಎಂದೇ ಬರೆಯುತ್ತೇವೆ. ಎರಡಕ್ಕೂ ನಾವು ಹೆದರುವವರಲ್ಲ. ನೋಡದೆ ಬರೆಯುವುದಕ್ಕೆ ಮಾತ್ರ ಆಗುವುದಿಲ್ಲ.

ಕೊಡುವುದಿಲ್ಲ ಎನ್ನುವುದಾದರೆ ಹಾಗೆಂದೇ ಬರೆದು ಕೆಳಗೆ ಸಹಿ ಹಾಕಿ. ಮುಂದೆ ಯಾರಾದರೂ 'ಆ ಮೋಡದಲ್ಲಿ ಏನಿತ್ತು' ಎಂದು ಕೇಳಿದರೆ ತೋರಿಸಲು ನಮಗೆ ಕಾಗದ ಬೇಕು. ಸುಮ್ಮನೆ ಕೂತಿದ್ದರೆ ಮುಳುಗಿ ಹೋಗುತ್ತದೆ, ಆಮೇಲೆ ಯಾರೂ ಏನೂ ಹೇಳಬೇಕಾಗಿಲ್ಲ ಎಂದು ಲೆಕ್ಕ ಹಾಕಿದ್ದರೆ, ಆ ಲೆಕ್ಕ ನನಗೂ ಬರುತ್ತದೆ.

ಉತ್ತರವನ್ನು ಮೊಮ್ಮಗಳಿಗೆ ಬೇಡ, ನನಗೇ ಬರೆಯಿರಿ. ಅವಳು ಹಗಲು ಮಲಗಿರುತ್ತಾಳೆ, ಎಬ್ಬಿಸಲಾಗದು. ಅಜ್ಜಿ ಎಂದು ಬರೆದರೆ ಸಾಕು, ಈ ಬೆಟ್ಟದ ಮೇಲೆ ಅಜ್ಜಿ ನಾನೊಬ್ಬಳೇ. ಬೆಳಗಿನ ಬಸ್ಸಿಗೆ ಅಂಚೆ ಬರುತ್ತದೆ, ನಾನು ಇಲ್ಲೇ ಇರುತ್ತೇನೆ.

ಏಪ್ರಿಲ್ ಹುಟ್ಟುವ ಮುಂಚೆ ಉತ್ತರ ಬರೆಯಿರಿ.